ಸೂಜಿ ಹಿಡಿಯುವ ಕೈ ಪಳಗುವ ಬಗೆ

1027ರ ಸುಮಾರಿಗೆ ಚೀನಾದ ಸಾಂಗ್ ಅರಸರ ಆಸ್ಥಾನ ವೈದ್ಯ ವಾಂಗ್ ವೇಯೀ ಆಳೆತ್ತರದ ಎರಡು ಕಂಚಿನ ಪ್ರತಿಮೆಗಳನ್ನು ಎರಕ ಹೊಯ್ಯಿಸಿದ. ಅಕ್ಯುಪಂಕ್ಚರ್ ಬಿಂದುಗಳಿರುವಲ್ಲೆಲ್ಲ ಅವುಗಳ ಮೈಯಲ್ಲಿ ಸಣ್ಣ ರಂಧ್ರಗಳಿದ್ದವು. ಪರೀಕ್ಷೆಯ ದಿನ ಮೇಣ ಬಳಿದು ರಂಧ್ರಗಳನ್ನು ಮರೆಮಾಡಿ, ಒಳಗೆ ನೀರು ತುಂಬುತ್ತಿದ್ದರಂತೆ. ವಿದ್ಯಾರ್ಥಿಯ ಸೂಜಿ ಸರಿಯಾದ ಜಾಗದಲ್ಲಿ ಇಳಿದರೆ ನೀರು ಜಿನುಗಬೇಕು. ತಪ್ಪಿದರೆ ಸೂಜಿ ಕಂಚಿಗೆ ತಾಗಿ ನಿಲ್ಲುತ್ತಿತ್ತು. ಬಾಯಿಪಾಠ ಎಷ್ಟೇ ಗಟ್ಟಿಯಿರಲಿ, ಆ ಹೊತ್ತಿಗೆ ನೆರವಾಗುತ್ತಿದ್ದುದು ಬೆರಳೊಂದೇ.

ಪ್ರಾಚೀನ ಭಾರತದ ಶಸ್ತ್ರವೈದ್ಯ ಸುಶ್ರುತನೂ ಕೊಯ್ಯುವುದನ್ನು ಕಲಿಸುವಾಗ ಶಿಷ್ಯರ ಕೈಗೆ ಮೊದಲು ಕೊಟ್ಟದ್ದು ಬೂದುಗುಂಬಳ, ಸೋರೆಕಾಯಿ, ಸೌತೆಕಾಯಿಗಳನ್ನೇ. ರೋಗಿಯ ಮೈ ಮುಟ್ಟುವ ಸರದಿ ಆಮೇಲೆ.

ಇಂದಿನ ತರಗತಿಗಳಲ್ಲಿ ಹತ್ತಿಯ ದಿಂಬು, ಮಡಿಚಿದ ಕಾಗದ, ಕಿತ್ತಳೆ ಹಣ್ಣು ಆ ಕೆಲಸ ಮಾಡುತ್ತವೆ. ಕೂದಲೆಳೆಯಂಥ ಸೂಜಿಯನ್ನು ಬಾಗದಂತೆ ಇಳಿಸುವುದು ಹೊರಗಿನಿಂದ ನೋಡಿದಷ್ಟು ಸುಲಭವಲ್ಲ. ಕೈ ಕುದುರಿದ ಮೇಲೆ ವಿದ್ಯಾರ್ಥಿ ತನ್ನ ಮೊಣಕಾಲ ಕೆಳಗಿನ ‘ತ್ಸು ಸಾನ್ ಲಿ’ ಬಿಂದುವಿಗೆ ತಾನೇ ಚುಚ್ಚಿಕೊಳ್ಳುತ್ತಾನೆ, ನಂತರ ಸಹಪಾಠಿಗೆ. ಬಿಂದುಗಳ ಅಂತರವನ್ನು ಅಳೆಯುವುದು ರೋಗಿಯ ಹೆಬ್ಬೆರಳಿನ ಅಗಲದಿಂದ. ಹೀಗಾಗಿ ಪ್ರತಿ ದೇಹದಲ್ಲೂ ಜಾಗವನ್ನು ಹೊಸದಾಗಿ ಹುಡುಕಬೇಕು. ಸೂಜಿ ಇಳಿದಾಗ ಬರುವ ಜೋಮು, ಭಾರ, ಸೆಳೆತ ಹೇಗಿರುತ್ತದೆಂದು ತನ್ನ ಮೈಯಲ್ಲೇ ಅರಿತವನು ರೋಗಿಯನ್ನು ಸರಿಯಾದ ಪ್ರಶ್ನೆ ಕೇಳಬಲ್ಲ.

ಹದಿನೇಳನೆಯ ಶತಮಾನದ ಜಪಾನಿನಲ್ಲಿ ಕುರುಡ ಸುಗಿಯಾಮಾ ವಾಯಿಚಿ ಸೂಜಿಯನ್ನು ಪುಟ್ಟ ಕೊಳವೆಯೊಳಗಿಟ್ಟು ಮೇಲಿಂದ ಮೆಲ್ಲಗೆ ತಟ್ಟುವ ಕ್ರಮವನ್ನು ಬಳಕೆಗೆ ತಂದ. ಕುರುಡರಿಗಾಗಿ ಶಾಲೆಯನ್ನೂ ನಡೆಸಿದ. ಇಂದು ಹೊಸಬರ ನಡುಗುವ ಕೈಗೆ ಆ ಕೊಳವೆಯೇ ಆಸರೆ. ಕಣ್ಣಿಲ್ಲದವರು ಸ್ಪರ್ಶವೊಂದರಿಂದಲೇ ಈ ವಿದ್ಯೆಯನ್ನು ಕರಗತ ಮಾಡಿಕೊಂಡರೆಂಬುದು ನನಗೆ ಇಡೀ ಚರಿತ್ರೆಯಲ್ಲೇ ಅತಿ ಹೆಚ್ಚು ಗೌರವ ಹುಟ್ಟಿಸುವ ಸಂಗತಿ.

ಚಿಕಿತ್ಸಾಲಯದಲ್ಲಿ ಆರಂಭದ ತಿಂಗಳುಗಳು ನೋಡುವುದರಲ್ಲೇ ಕಳೆಯುತ್ತವೆ: ನಾಡಿ, ನಾಲಿಗೆ, ರೋಗಿಯ ಮಾತು. ಆಮೇಲೆ ಸೂಜಿ ತೆಗೆಯುವ ಕೆಲಸ, ಹಾಕಿದ ಸೂಜಿ ಎಷ್ಟು, ತೆಗೆದದ್ದು ಎಷ್ಟು ಎಂಬ ಲೆಕ್ಕ. ಕೊನೆಗೆ ಗುರುವಿನ ಕಣ್ಣೆದುರು ಚುಚ್ಚುವ ಅವಕಾಶ. ಈ ಕಾವಲು ಕಡ್ಡಾಯ. ಹೆಗಲ ಮೇಲಿನ ‘ಚಿಯೆನ್ ಚಿಂಗ್’ ಬಿಂದುವಿನ ಅಡಿಯಲ್ಲೇ ಶ್ವಾಸಕೋಶವಿದೆ, ಆಳ ಮೀರಿದರೆ ಅದಕ್ಕೆ ತೂತು ಬೀಳಬಹುದು. ಕೆಲವರು ಮೊದಲ ಸೂಜಿಗೇ ತಲೆಸುತ್ತಿ ಬೀಳುತ್ತಾರೆ. ಯಾವ ಕಾಯಿಲೆಗೆ ಈ ಚಿಕಿತ್ಸೆ ಎಷ್ಟು ಫಲಕಾರಿ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಆದರೆ ಅರೆಕಲಿತ ಕೈ ಅಪಾಯಕಾರಿ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

1938ರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಜೊತೆ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋಗಿ ಈ ವಿದ್ಯೆ ಕಲಿತು ಭಾರತಕ್ಕೆ ತಂದರು. ಕೇಂದ್ರ ಸರ್ಕಾರ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಒಪ್ಪಿದ್ದು 2019ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಪೂರ್ಣ ತರಬೇತಿಗೆ 2500 ಗಂಟೆ ಹೇಳುತ್ತದೆ. ಅದರಲ್ಲಿ ಕನಿಷ್ಠ 1000 ಗಂಟೆ ಪ್ರಾಯೋಗಿಕ ಮತ್ತು ಚಿಕಿತ್ಸಾಲಯದ ಅಭ್ಯಾಸ. ಕೋರ್ಸಿಗೆ ಸೇರುವವರು ಶುಲ್ಕ ವಿಚಾರಿಸುವ ಮೊದಲೇ, ರೋಗಿಗಳ ಬಳಿ ಗುರುವಿನೊಂದಿಗೆ ಕಳೆಯಲು ಸಿಗುವ ಗಂಟೆ ಎಷ್ಟೆಂದು ಕೇಳಿಕೊಳ್ಳಲಿ.