ಲಕ್ಷ್ಮೀ ರಸ್ತೆಗೆ ಬಂದ ಗುಡ್ಡದೂರಿನ ಖಣ

ಪುಣೆಯ ಲಕ್ಷ್ಮೀ ರಸ್ತೆಯಿಂದ ತುಳಶೀಬಾಗಿನ ಇಕ್ಕಟ್ಟಿಗೆ ಹೊರಳಿದರೆ ಮೊದಲು ಮೂಗಿಗೆ ಬರುವುದು ಊದಿನಕಡ್ಡಿಯ ಹೊಗೆ, ಅದರ ಬೆನ್ನಿಗೇ ಮಲ್ಲಿಗೆಯ ಗಜರೆ, ಆಮೇಲೆ ಹೊಸ ಬಟ್ಟೆಯ ಗಂಜಿ. ಹಿತ್ತಾಳೆ ದೀಪ, ಬಳೆ, ಕುಂಕುಮದ ಭರಣಿಗಳನ್ನು ದಾಟಿ, ಪೇಶವೆಯರ ಕಾಲದ ರಾಮಮಂದಿರದ ಗಂಟೆ ಕೇಳುತ್ತ ಹೀಗೆ ಬನ್ನಿ. ನವರಾತ್ರಿ ಹತ್ತಿರವಾಗಿದೆ. ಬಿಳಿ ಗಾದಿಯ ಮೇಲೆ ಕಾಲು ಮಡಚಿ ಕೂತ ಅಂಗಡಿಯವರಿಗೆ ಹೆಂಗಸೊಬ್ಬರು "ದಾದಾ, ಖಣ ದಾಖವಾ" ಅನ್ನುತ್ತಾರೆ: ಅಣ್ಣಾ, ಕುಪ್ಪಸದ ಖಣ ತೋರಿಸಿ. ಕೇಳಿದ್ದೇ ತಡ, ಕಟ್ಟು ಬಿಚ್ಚಿ ಹಸಿರು, ಕೆಂಪು, ನೇರಳೆಯ ತುಂಡುಗಳು ಗಾದಿಯ ತುಂಬ ಹರಡುತ್ತವೆ. ದೇವಿ ಜೋಗೇಶ್ವರಿಗೆ ಓಟಿ, ಅಂದರೆ ಉಡಿ, ತುಂಬಬೇಕು. ತೆಂಗಿನಕಾಯಿಯ ಜೊತೆಗೆ ಖಣವಿಲ್ಲದೆ ಅದು ಪೂರ್ತಿಯಾಗುವುದಿಲ್ಲ.

ಒಂದನ್ನು ಕೈಗೆತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿಯಿರಿ. ಹಸಿರೆಂದುಕೊಂಡದ್ದು ವಾಲಿಸಿದೊಡನೆ ಕೆಂಪಾಗುತ್ತದೆ. ಹಾಸಿನ ಎಳೆ ಒಂದು ಬಣ್ಣ, ಹೊಕ್ಕಿನ ಎಳೆ ಇನ್ನೊಂದು. ಎರಡೂ ಕೂಡಿದಲ್ಲಿ ಈ ಹೊಳಪು ಹುಟ್ಟುತ್ತದೆ. ಅದರ ಮೇಲೆ ಸಾಸಿವೆ ಚೆಲ್ಲಿದಂತೆ ಸಣ್ಣ ಸಣ್ಣ ಬುಟ್ಟಾಗಳು. ಅವು ಅಚ್ಚು ಒತ್ತಿದವಲ್ಲ, ಕಸೂತಿಯೂ ಅಲ್ಲ. ಹಾಸಿನಲ್ಲೇ ಹೆಚ್ಚಿನ ಎಳೆ ಸೇರಿಸಿ ನೇಯ್ದವು. ಸೂಜಿಮಲ್ಲಿಗೆ, ಆನೆಹೆಜ್ಜೆ, ತೇರು ಎಂದು ನೇಕಾರರು ಅವಕ್ಕೆ ಹೆಸರಿಟ್ಟು ಕರೆಯುತ್ತಾರೆ. ಎರಡೂ ಅಂಚಿಗೆ ದಡಿ. ಅಗಲ 30 ಇಂಚಿನ ಆಸುಪಾಸು, ಒಂದು ಕುಪ್ಪಸಕ್ಕೆಂದೇ ಅಳೆದಂತೆ.

ಈ ಬಟ್ಟೆಯ ತವರು ಇಲ್ಲಿಂದ ಸುಮಾರು 400 ಕಿಲೋಮೀಟರ್ ದೂರದ ಗುಳೇದಗುಡ್ಡ. ಬಾಗಲಕೋಟೆ ಜಿಲ್ಲೆಯಲ್ಲಿ, ಬಾದಾಮಿಯ ಮಗ್ಗುಲಲ್ಲಿ, ಕೆಂಗಲ್ಲಿನ ಗುಡ್ಡಗಳ ನಡುವೆ ಕೂತ ಊರು. ಬಿಸಿಲೇರುವ ಮೊದಲೇ ಓಣಿಗಳಲ್ಲಿ ಮಗ್ಗದ ಸದ್ದು ಶುರುವಾಗುತ್ತದೆ. ಕುಣಿಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ನೇಕಾರ ಒಂದು ಕಾಲು ಒತ್ತುತ್ತಾನೆ, ಹಾಸು ಬಾಯಿ ತೆರೆಯುತ್ತದೆ, ಲಾಳಿ ಅತ್ತಣಿಂದ ಇತ್ತ ಹಾರುತ್ತದೆ, ಹಣಿಗೆ ಬಡಿದು ಎಳೆ ಕೂರುತ್ತದೆ. ಪಕ್ಕದ ಪಡಸಾಲೆಯಲ್ಲಿ ಅಜ್ಜಿ ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಾಳೆ, ಸೊಸೆ ಹರಿದ ಎಳೆಗೆ ಗಂಟು ಹಾಕುತ್ತಾಳೆ. ನೇಯುವ ಕೈ ಒಂದು ಕಂಡರೂ ಒಂದು ಖಣಕ್ಕೆ ಇಡೀ ಮನೆ ದುಡಿದಿರುತ್ತದೆ. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ಎಂದು ಉತ್ತರ ಕರ್ನಾಟಕದವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಸುಮ್ಮನೆ ಅಲ್ಲ.

ಹೀಗೆ ನೇಯ್ಗೆಯನ್ನೇ ನಂಬಿದ ಇನ್ನೊಂದು ಊರು ಇಟಲಿಯ ಆಲ್ಪ್ಸ್ ತಪ್ಪಲಿನ ಬಿಯೆಲ್ಲಾ. ಚೆರ್ವೋ ಹೊಳೆಯ ಮೆದು ನೀರಿನಲ್ಲಿ ಉಣ್ಣೆ ತೊಳೆದು ನೇಯ್ದೇ ಬೆಳೆದದ್ದು. 2019ರಲ್ಲಿ ಯುನೆಸ್ಕೊ ಅದನ್ನು ಸೃಜನಶೀಲ ನಗರಗಳ ಸಾಲಿಗೆ ಸೇರಿಸಿತು. ಅಲ್ಲಿನ ಸೂಟಿನ ಬಟ್ಟೆ ಕೊಳ್ಳುವವರು ಊರಿನ ಹೆಸರನ್ನೂ ಕೇಳಿ ಕೊಳ್ಳುತ್ತಾರೆ. ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಆದರೆ ತುಳಶೀಬಾಗಿನ ಗಾದಿಯ ಮೇಲೆ ಆ ಹೆಸರು ಕೇಳಿಬರುವುದು ಅಪರೂಪ. ಈಚೆಗೆ ಖಣದ ಸೀರೆ, ಖಣದ ಚೀಲ, ಮಕ್ಕಳ ಪರಕಾರಕ್ಕೆಲ್ಲ ಬೇಡಿಕೆ ಏರಿದೆ. ಏರಿದ ಬೇಡಿಕೆಯ ದೊಡ್ಡ ಪಾಲನ್ನು ವಿದ್ಯುತ್ ಮಗ್ಗದ ಅಗ್ಗದ ನಕಲು ನುಂಗುತ್ತಿದೆ. ನೋಟಕ್ಕೆ ಎರಡೂ ಒಂದೇ, ಬೆಲೆ ಮಾತ್ರ ಬೇರೆ. ಆ ಅಂತರದಲ್ಲೇ ಕುಣಿಮಗ್ಗಗಳು ಒಂದೊಂದಾಗಿ ನಿಲ್ಲುತ್ತಿವೆ. ಇದು ನನಗೆ ಸಂಕಟದ ಸಂಗತಿ.

ಈ ನವರಾತ್ರಿಗೆ ಉಡಿ ತುಂಬಲು ಖಣ ಕೊಳ್ಳುವಿರಾದರೆ ಅಂಗಡಿಯಲ್ಲಿ ಎರಡು ಮಾತು ಕೇಳಿ: ಇದು ಗುಳೇದಗುಡ್ಡದ್ದೇ? ಕೈಮಗ್ಗದ್ದೇ? ಹೌದೆಂದರೆ ಹ್ಯಾಂಡ್‌ಲೂಮ್ ಮಾರ್ಕಿನ ಚೀಟಿ ಇದೆಯೇ ನೋಡಿ, ಚೌಕಾಶಿ ಮಾಡದೆ ಹಣ ಕೊಡಿ.