ಕೂಕಟ್‌ಪಲ್ಲಿಯಿಂದ ದೆಹಲಿಯ ಮಂಜಿಗೆ

ಆಟೋಲ್ಯಾಂಡ್, ಅಂದರೆ ವಿಮಾನ ತಾನಾಗಿ ನೆಲಕ್ಕಿಳಿಯುವಂತೆ ಮಾಡಬೇಕೆಂದರೆ ಮೊದಲು ಮಂಜು ಬೇಕು. ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಅದನ್ನು ನಂಬಿ ಕೂರುವ ಹಾಗಿಲ್ಲ. ಹಾಗಾಗಿ ಕೆಪಿಎಚ್‌ಬಿ ಕಾಲೊನಿಯ ಫ್ಲ್ಯಾಟಿನಲ್ಲಿ ಕಂಪ್ಯೂಟರ್ ಮುಂದೆ ಕೂತು ವಿಮಾನ ಹಾರಿಸುವ ನನ್ನಂಥವರು ಡಿಸೆಂಬರಿನ ದೆಹಲಿಗೆ ಹೋಗುತ್ತೇವೆ. ತೆರೆಯ ಮೇಲೆ ಒಂದು ಗುಂಡಿ ಜರುಗಿಸಿದರೆ ಸಾಕು, ಇನ್ನೂರು ಮೀಟರಿನಾಚೆಗೆ ಏನೂ ಕಾಣದು.

ನಾನು ಹಾರಿಸುವುದು ಏರ್‌ಬಸ್ ಎ310. ಮೈಕ್ರೋಸಾಫ್ಟ್ ತನ್ನ ಫ್ಲೈಟ್ ಸಿಮ್ಯುಲೇಟರಿಗೆ ನಲವತ್ತು ತುಂಬಿದಾಗ, 2022ರ ನವೆಂಬರಿನಲ್ಲಿ, ಇದನ್ನು ಪುಕ್ಕಟೆಯಾಗಿ ಸೇರಿಸಿಕೊಟ್ಟಿತು. ರೂಪಿಸಿದವರು ಐನಿಬಿಲ್ಡ್ಸ್ ಎಂಬ ಸಂಸ್ಥೆಯವರು. ನಿಜದ ಎ310 ಮೊದಲು ಹಾರಿದ್ದು 1982ರ ಏಪ್ರಿಲ್ 3ರಂದು. ಏರ್ ಇಂಡಿಯಾ 1986ರಿಂದ ಇದನ್ನು ಓಡಿಸಿತು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಹಲವು ಕರಾವಳಿಗರು ಇದರಲ್ಲಿ ಕೂತಿದ್ದಾರೆ. ಪರದೆಗಳೂ ಇವೆ, ತಿರುಗಿಸುವ ಗುಂಡಿಗಳೂ ಇವೆ. ಹಳೆಯ ಕಾಲ ಹೊಸದಕ್ಕೆ ದಾಟುತ್ತಿದ್ದ ಹೊತ್ತಿನ ಕಾಕ್‌ಪಿಟ್.

ಈ ಹುಚ್ಚಿಗೆ ನಮ್ಮ ಏರಿಯಾ ತಕ್ಕದ್ದೇ. ಬಾಲಾನಗರದಲ್ಲಿ ವಿಮಾನದ ಎಲೆಕ್ಟ್ರಾನಿಕ್ ಉಪಕರಣ ತಯಾರಿಸುವ ಎಚ್‌ಎಎಲ್ ಘಟಕವಿದೆ. ಅದರಾಚೆ ಬೋಯಿನಪಲ್ಲಿ ಕಡೆಗೆ, ಫಿರೋಜ್‌ಗುಡದಲ್ಲಿ, ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ನಿಜವಾದ ಸಿಮ್ಯುಲೇಟರಿನಲ್ಲಿ ಕಲಿತ ಕೇಂದ್ರ ತರಬೇತಿ ಸಂಸ್ಥೆ. ಶಂಷಾಬಾದ್ ವಿಮಾನ ನಿಲ್ದಾಣ ತೆರೆದ 2008ರ ಮಾರ್ಚ್‌ವರೆಗೆ ಬೇಗಂಪೇಟೆ ನಿಲ್ದಾಣದ ವಿಮಾನಗಳ ಸದ್ದು ಈ ಭಾಗದವರಿಗೆ ದಿನನಿತ್ಯದ್ದು.

ಆಟೋಲ್ಯಾಂಡ್ ಎಂದರೆ ಒಂದು ಬಟನ್ ಒತ್ತಿ ಕೈಕಟ್ಟಿ ಕೂರುವುದು ಎಂದುಕೊಂಡವರಿಗೆ ಎ310 ಬೇಗ ಬುದ್ಧಿ ಕಲಿಸುತ್ತದೆ. ರನ್‌ವೇಯ ಐಎಲ್‌ಎಸ್ ತರಂಗಾಂತರವನ್ನು ನಾವೇ ನಮೂದಿಸಬೇಕು, ರನ್‌ವೇಯ ದಿಕ್ಕನ್ನೂ ಡಿಗ್ರಿಗಳಲ್ಲಿ ಕೊಡಬೇಕು. ಐಎಲ್‌ಎಸ್ ಅಂದರೆ ನೆಲದಿಂದ ಬರುವ ಎರಡು ರೇಡಿಯೊ ಕಿರಣ: ಎಡಬಲ ಹೇಳುವುದು ಲೋಕಲೈಸರ್, ಮೇಲುಕೆಳಗು ಹೇಳುವುದು ಗ್ಲೈಡ್‌ಸ್ಲೋಪ್. ಈ ಎರಡನೆಯದು ಸಾಮಾನ್ಯವಾಗಿ ಮೂರು ಡಿಗ್ರಿ ಓರೆ. ಅದನ್ನು ಕೆಳಗಿನಿಂದ ಹಿಡಿಯಬೇಕು. ಎತ್ತರದಲ್ಲೇ ಉಳಿದುಬಿಟ್ಟು ಮೇಲಿನಿಂದ ಬೆನ್ನಟ್ಟಿದರೆ ವೇಗ ಹತೋಟಿಗೆ ಬರುವುದಿಲ್ಲ.

ಆಮೇಲೆ ‘ಲ್ಯಾಂಡ್’ ಬಟನ್. ಅದು ಕಿರಣಗಳನ್ನು ಹಿಡಿಯಲು ಸಿದ್ಧವಾಗು ಎಂಬ ಆಜ್ಞೆಯಷ್ಟೆ. ಎರಡನೇ ಆಟೋಪೈಲಟನ್ನೂ ಜೊತೆಗೆ ಹಾಕಬೇಕು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಗೇರ್, ಫ್ಲ್ಯಾಪ್, ಸ್ಪಾಯ್ಲರ್, ಆಟೋಬ್ರೇಕ್ ಎಲ್ಲವೂ ನಮ್ಮ ಕೆಲಸವೇ. ಅಲ್ಲಿಂದ ಮುಂದೆ ಕಣ್ಣು ಕಿಟಕಿಯ ಮೇಲಲ್ಲ, ಪರದೆಯ ತುದಿಯಲ್ಲಿ ಮೋಡ್‌ಗಳ ಹೆಸರು ಮೂಡುವ ಪಟ್ಟಿಯ ಮೇಲೆ. ಲೋಕಲೈಸರ್ ಸಿಕ್ಕಿತೇ? ಗ್ಲೈಡ್‌ಸ್ಲೋಪ್? ನೆಲ ಹತ್ತಿರವಾದಾಗ ‘ಫ್ಲೇರ್’ ಎಂಬ ಪದ ಬಂತೇ? ಬಂದರೆ ಮೂಗು ಮೆಲ್ಲಗೆ ಏಳುತ್ತದೆ, ಥ್ರಾಟಲ್ ತಾನಾಗಿ ಹಿಂದೆ ಸರಿಯುತ್ತದೆ, ಚಕ್ರ ತಾಗುತ್ತದೆ. ಬಾರದಿದ್ದರೆ ಯೋಚಿಸಲು ಸಮಯವಿಲ್ಲ, ಮತ್ತೆ ಮೇಲೇರಬೇಕು. ಹಾಲು ಒಲೆಯ ಮೇಲಿಟ್ಟು ನಿಂತವರ ಗಮನ ಬೇಕು ಇದಕ್ಕೆ. ಕೈಯಿಂದ ಇಳಿಸುವಾಗ ಇಷ್ಟು ಬೆವರುವುದಿಲ್ಲ.

ಆಟೋಲ್ಯಾಂಡ್ ತಂತ್ರ ಹುಟ್ಟಿದ್ದೇ ಇಂಗ್ಲೆಂಡಿನ ಮಂಜಿನ ಕಾಟದಿಂದ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ಅಲ್ಲಿನ ಸರಕಾರ ಕುರುಡು ಇಳಿಕೆಯ ಪ್ರಯೋಗಕ್ಕೆಂದೇ ಒಂದು ಘಟಕ ತೆರೆಯಿತು. ಆಗಿನ ಲೋಕಲೈಸರ್ ಕಿರಣ ಕೊನೆಯ ಗಳಿಗೆಯಲ್ಲಿ ನಂಬಿಕೆಗೆ ಸಾಲದೆಂದು ರನ್‌ವೇಯ ಇಕ್ಕೆಲಕ್ಕೂ ನೆಲದಲ್ಲಿ ವಿದ್ಯುತ್ ಕೇಬಲ್ ಹಾಸಿ, ಅದರ ಕಾಂತಕ್ಷೇತ್ರದ ಜಾಡು ಹಿಡಿದು ವಿಮಾನ ಇಳಿಸಿ ನೋಡಿದರು. ಅವರು ಹಾಕಿಕೊಂಡ ಷರತ್ತು ಕಠಿಣ: ಕೋಟಿ ಇಳಿಕೆಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಈ ವ್ಯವಸ್ಥೆಯಿಂದ ಜೀವಹಾನಿ ಆಗಕೂಡದು. 1965ರ ಜೂನ್ 10ರಂದು ಪ್ಯಾರಿಸ್‌ನಿಂದ ಬಂದ ಬಿಇಎ ಕಂಪನಿಯ ಟ್ರೈಡೆಂಟ್ ವಿಮಾನ ಪ್ರಯಾಣಿಕರನ್ನು ಹೊತ್ತು ಲಂಡನ್ನಿನ ಹೀತ್ರೂವಿನಲ್ಲಿ ಸ್ವಯಂಚಾಲಿತವಾಗಿ ನೆಲ ಮುಟ್ಟಿತು. ಮುಂದೆ ಅದೇ ಟ್ರೈಡೆಂಟ್‌ನಲ್ಲಿ ಮೂರು ಪ್ರತ್ಯೇಕ ವ್ಯವಸ್ಥೆಗಳು ಏಕಕಾಲಕ್ಕೆ ಲೆಕ್ಕ ಹಾಕತೊಡಗಿದವು. ಒಂದು ಬೇರೆ ಮಾತಾಡಿದರೆ ಉಳಿದೆರಡು ಅದನ್ನು ಹೊರಗಿಡುತ್ತಿದ್ದವು.

ಸಿಮ್ಯುಲೇಟರ್ ಒಂದು ವಿಷಯದಲ್ಲಿ ನಮ್ಮನ್ನು ಮುದ್ದಿನಿಂದ ಹಾಳು ಮಾಡುತ್ತದೆ. ಅದರೊಳಗಿನ ಐಎಲ್‌ಎಸ್ ಕಿರಣ ಗೆರೆ ಎಳೆದಷ್ಟು ನೆಟ್ಟಗೆ. ನಿಜದಲ್ಲಿ ರನ್‌ವೇ ಪಕ್ಕ ಇನ್ನೊಂದು ವಿಮಾನ ಅಡ್ಡ ಬಂದರೂ ಕಿರಣ ಅಲುಗುತ್ತದೆ. ಅದಕ್ಕೇ ದಟ್ಟ ಮಂಜಿನಲ್ಲಿ ಆ ಜಾಗ ಖಾಲಿ ಇಡುತ್ತಾರೆ, ವಿಮಾನಗಳ ನಡುವಿನ ಅಂತರ ಹೆಚ್ಚಿಸುತ್ತಾರೆ, ನಾವು ಟರ್ಮಿನಲ್‌ನಲ್ಲಿ ಕೂತು ಗೊಣಗುತ್ತೇವೆ. ಐಎಲ್‌ಎಸ್ ಇದ್ದಲ್ಲೆಲ್ಲ ಆಟೋಲ್ಯಾಂಡ್ ಮಾಡಬಹುದು ಎಂಬುದೂ ತಪ್ಪು. ಕೊನೆಯ ಹಂತದಲ್ಲಿ ಕಂಪ್ಯೂಟರ್ ನಂಬುವುದು ರೇಡಿಯೊ ಆಲ್ಟಿಮೀಟರನ್ನು. ಅದು ಅಳೆಯುವುದು ಕೆಳಗಿರುವ ನೆಲದಿಂದ ವಿಮಾನದ ಎತ್ತರವನ್ನು. ಮಂಗಳೂರಿನ ಕೆಂಜಾರಿನಂಥ ಗುಡ್ಡದ ತಲೆಯ ರನ್‌ವೇಗೆ ಬರುವಾಗ ಕೆಳಗೆ ಕಣಿವೆ, ಮರುಕ್ಷಣ ಗುಡ್ಡದ ಅಂಚು. ಅಂಕಿ ತಟ್ಟನೆ ಕುಸಿಯುತ್ತದೆ. ಅಲ್ಲಿ ಕೈಯಿಂದ ಇಳಿಸುವುದೇ ಸರಿ, ಆಟದಲ್ಲೂ.

ಮೋಡ್‌ಗಳ ಪಟ್ಟಿಯನ್ನು ಯಾಕೆ ಅಷ್ಟು ನೋಡಬೇಕು ಎಂದು ಕೇಳುವವರಿಗೆ ಬೆಂಗಳೂರಿನವರು ಉತ್ತರ ಕೊಡಬಲ್ಲರು. 1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ಅಲ್ಲಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಮಂದಿಯಲ್ಲಿ 92 ಜನ ಸತ್ತರು. ಅಂದು ಮಂಜಿರಲಿಲ್ಲ, ಅದು ಆಟೋಲ್ಯಾಂಡೂ ಅಲ್ಲ. ಎಂಜಿನ್‌ಗಳು ಕನಿಷ್ಠ ಬಲದಲ್ಲೇ ಉಳಿಯುವ ಇಳಿಕೆಯ ಮೋಡ್‌ನಲ್ಲಿ ವಿಮಾನ ಬರುತ್ತಿತ್ತು, ವೇಗ ಕರಗುತ್ತಿತ್ತು; ಅರಿವಾಗುವಷ್ಟರಲ್ಲಿ ತಡವಾಗಿತ್ತು. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ವಿಚಾರಣೆ ನಡೆಸಿದರು. ಹೊಸ ಮಾದರಿಯ ಆ ವಿಮಾನಗಳನ್ನೆಲ್ಲ ಸರಕಾರ ತಿಂಗಳುಗಟ್ಟಲೆ ನೆಲಕ್ಕಿಳಿಸಿತು.

ಈಗ ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣದ ದಕ್ಷಿಣ ರನ್‌ವೇಗೆ, ದಟ್ಟ ಮಂಜಿನಲ್ಲೂ ಇಳಿಯಲು ನೆರವಾಗುವ ಕ್ಯಾಟ್ 3-ಬಿ ವ್ಯವಸ್ಥೆಯಿದೆ. ದಕ್ಷಿಣ ಭಾರತಕ್ಕೆ ಅದೇ ಮೊದಲು. ಜನವರಿಯ ನಸುಕಿನ ಮಂಜಿಗೆ ಅದು ಬೇಕೇ ಬೇಕಿತ್ತು. ಕೂಕಟ್‌ಪಲ್ಲಿಯಲ್ಲಿ ಕೂತವರೂ ದೆಹಲಿ ಬೇಸರವಾದರೆ ಅಲ್ಲಿಗೆ ಹೊರಳಬಹುದು. ಒಂದು ಮಾತು: ಚಕ್ರ ನೆಲ ಮುಟ್ಟಿದ ಮೇಲೂ ಎ310ರ ಆಟೋಪೈಲಟ್ ಲೋಕಲೈಸರನ್ನು ಬಿಡುವುದಿಲ್ಲ, ನಡುಗೆರೆ ಹಿಡಿದೇ ಓಡುತ್ತದೆ. ಟ್ಯಾಕ್ಸಿವೇಗೆ ತಿರುಗುವ ಮೊದಲು ಆಟೋಪೈಲಟನ್ನು ಆಫ್ ಮಾಡುವುದು ನಿಮ್ಮ ಕೆಲಸ.