ಫೈಲಿನ ಗಾತ್ರ: ಕೆ.ಬಿ., ಎಂ.ಬಿ., ಜಿ.ಬಿ. ಎಂದರೇನು?

ಸಹಾಯಧನದ ಅರ್ಜಿಗೆ ಕಡೆಯ ದಿನ. ತರೀಕೆರೆ ತಾಲ್ಲೂಕಿನ ಅಮೃತಾಪುರದ ರೈತರೊಬ್ಬರು ಪಾಸ್‌ಬುಕ್ಕಿನ ಫೋಟೋ ಸೇರಿಸುತ್ತಾರೆಂದು ಭಾವಿಸೋಣ. ಅರ್ಜಿಯಲ್ಲಿನ ಮಿತಿ 200 ಕೆ.ಬಿ., ಫೋಟೋ 4 ಎಂ.ಬಿ. ಗಣಕಯಂತ್ರ ಅದನ್ನು ಸ್ವೀಕರಿಸುವುದಿಲ್ಲ. ಈ ಅಳತೆಗಳನ್ನು ತಿಳಿದಿದ್ದರೆ ಇಂಥ ತೊಂದರೆ ತಪ್ಪಿಸಬಹುದು.

ಅಳತೆಯ ಕ್ರಮ

ಗಣಕಯಂತ್ರವು ಎಲ್ಲ ಮಾಹಿತಿಯನ್ನೂ 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ ಇಡುತ್ತದೆ. ಇಂಥ ಒಂದು ಅಂಕಿಯೇ ‘ಬಿಟ್’.

8 ಬಿಟ್ = 1 ಬೈಟ್
1,000 ಬೈಟ್ = 1 ಕಿಲೋಬೈಟ್ (ಕೆ.ಬಿ.)
1,000 ಕೆ.ಬಿ. = 1 ಮೆಗಾಬೈಟ್ (ಎಂ.ಬಿ.)
1,000 ಎಂ.ಬಿ. = 1 ಗಿಗಾಬೈಟ್ (ಜಿ.ಬಿ.)

ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಈಗ ಬಳಕೆಯಲ್ಲಿರುವ ಯೂನಿಕೋಡ್ (ಯುಟಿಎಫ್-8) ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ‘ಅಮೃತಾಪುರ’ದಲ್ಲಿ ಅಕ್ಷರಗಳು 5, ಗುಣಿತದ ಚಿಹ್ನೆಗಳೂ ಸೇರಿ 8, ಒಟ್ಟು 24 ಬೈಟ್. ಹೀಗೆ 2,000 ಚಿಹ್ನೆಗಳ ಒಂದು ಪುಟ 6 ಕೆ.ಬಿ. ಮಾತ್ರ. ಅದೇ ಪುಟದ ಫೋಟೋ 4 ಎಂ.ಬಿ. ಇದ್ದರೆ ಅದು 600 ಪಟ್ಟಿಗೂ ಹೆಚ್ಚು!

ಎರಡು ಗೊಂದಲಗಳು

ಹಿಂದೆ ಸೇರು, ಕೊಳಗಗಳ ಪ್ರಮಾಣ ಊರಿಂದೂರಿಗೆ ಬೇರೆಯಾಗುತ್ತಿತ್ತು. ಇಲ್ಲಿಯೂ ಹಾಗೆಯೇ, ಕೆಲವು ಗಣಕಯಂತ್ರಗಳು 1,000ದ ಬದಲು 1,024ರಂತೆ ಲೆಕ್ಕ ಹಾಕುತ್ತವೆ. ಆದ್ದರಿಂದ 64 ಜಿ.ಬಿ. ಪೆನ್‌ಡ್ರೈವ್ ಅವುಗಳಲ್ಲಿ ಸುಮಾರು 59.6 ಎಂದು ಕಾಣುತ್ತದೆ. ಇದು ಅಂಗಡಿಯವರ ಮೋಸವಲ್ಲ.

ಇಂಟರ್‌ನೆಟ್ ವೇಗವನ್ನು ಬೈಟಿನಲ್ಲಲ್ಲ, ಬಿಟ್‌ನಲ್ಲಿ ಹೇಳುತ್ತಾರೆ. ಸೆಕೆಂಡಿಗೆ 1 ಮೆಗಾಬಿಟ್ ವೇಗವಿದ್ದರೆ 4 ಎಂ.ಬಿ. ಫೋಟೋ ಹೋಗಲು 4 ಸೆಕೆಂಡಲ್ಲ, ಕನಿಷ್ಠ 32 ಸೆಕೆಂಡು ಬೇಕು.

ರೈತರು ಗಮನಿಸಬೇಕಾದ ಅಂಶಗಳು

1. ಅರ್ಜಿ ತುಂಬುವ ಮೊದಲೇ ಮಿತಿಯನ್ನು ಓದಿ, ಅದು ಕೆ.ಬಿ.ಯೋ ಎಂ.ಬಿ.ಯೋ ಎಂದು ನೋಡಿಕೊಳ್ಳಬೇಕು.

2. ಪಾಸ್‌ಬುಕ್, ಪಹಣಿಗಳ ಫೋಟೋದಲ್ಲಿ ಸುತ್ತಲಿನ ಅನಗತ್ಯ ಭಾಗವನ್ನು ಕತ್ತರಿಸಿ ಗಾತ್ರ ಕುಗ್ಗಿಸಬಹುದು. ಕುಗ್ಗಿಸಿದ ಮೇಲೆ ಸರ್ವೆ ನಂಬರು, ಖಾತೆ ಸಂಖ್ಯೆ ಸ್ಪಷ್ಟವಾಗಿ ಓದಲು ಬರುತ್ತವೆಯೇ ಎಂದು ಪರೀಕ್ಷಿಸಬೇಕು.

3. ರೋಗ ಗುರುತಿಸಲು ಕಳುಹಿಸುವ ಫೋಟೋವನ್ನು ಮಾತ್ರ ಕುಗ್ಗಿಸಬಾರದು. ಅಡಿಕೆಯ ಎಲೆಚುಕ್ಕೆ ರೋಗದಲ್ಲಿ ಚುಕ್ಕೆಯ ಅಂಚು, ಬಣ್ಣ ಕಾಣುವುದು ಮುಖ್ಯ. ವಾಟ್ಸ್‌ಆ್ಯಪ್ ಸಾಮಾನ್ಯವಾಗಿ ಫೋಟೋವನ್ನು ಕುಗ್ಗಿಸುವುದರಿಂದ ಅದನ್ನು ‘ಡಾಕ್ಯುಮೆಂಟ್’ ರೂಪದಲ್ಲಿ ಕಳುಹಿಸುವುದು ಸೂಕ್ತ.

ದಾಖಲೆಗೆ ಓದಲು ಬರುವಷ್ಟು ಗಾತ್ರ ಸಾಕು. ರೋಗ ಪತ್ತೆಗೆ ಪೂರ್ಣ ಗಾತ್ರವೇ ಬೇಕು.